ಬಣ್ಣದ ಪೆಟ್ಟು

ಮಗಳು ಮುಖ ತೊಳೆಯದೆ ಶಾಲೆಗೆ ಓಡಿದ್ದಕ್ಕೆ ಮೇಕಪ್ ಮಾಮನ ಮನೆ ಬಾಗಿಲಿಗೆ ಸರ್ಕಾರವೇ ಬಂತು.

ಮಾಮ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚುವವನು. ಹೊಸ ನಾಟಕದ ಎರಡನೇ ಅಂಕದಲ್ಲಿ ನಾಯಕನ ಕಣ್ಣಿನ ಕೆಳಗೆ ಪೆಟ್ಟು ಬೀಳಬೇಕು. ಬೆಳಗ್ಗೆ ಎದ್ದವನೇ ಅದನ್ನು ಮಗಳು ಪುಟ್ಟಿಯ ಮುಖದ ಮೇಲೆ ಬರೆದು ನೋಡಿದ. ಬಾತುಕೊಂಡಂತೆ ನೇರಳೆ, ಅಂಚಿಗೆ ಹಳದಿ, ನಡುವೆ ಒಂಚೂರು ಕೆಂಪು. "ಒರೆಸ್ಕೊಂಡು ಹೋಗೇ" ಅನ್ನುವಷ್ಟರಲ್ಲಿ ಶಾಲೆಯ ವ್ಯಾನು ಹಾರ್ನ್ ಹೊಡೆಯಿತು, ಪುಟ್ಟಿ ಓಡಿಬಿಟ್ಟಳು.

ಟೀಚರ್ ಫೋಟೋ ಹೊಡೆದರು. "ಬಣ್ಣ, ಮಿಸ್" ಎಂದು ಪುಟ್ಟಿ ನಕ್ಕಳು. ಪೆಟ್ಟು ತಿಂದೂ ನಗಬೇಕಾದರೆ ಮನೆಯಲ್ಲಿ ಎಷ್ಟು ಹೆದರಿಸಿರಬೇಕು ಎಂದು ಟೀಚರ್ ಮಕ್ಕಳ ರಕ್ಷಣಾ ಕಚೇರಿಗೆ ಫೋನು ಮಾಡಿದರು. ಬೆರಳಿಟ್ಟು ಮುಟ್ಟಿ ನೋಡೋಣ ಅನ್ನುವ ಬುದ್ಧಿ ಒಬ್ಬರಿಗಾದರೂ ಬರಬಾರದೇ!

ಮಧ್ಯಾಹ್ನ ಕಚೇರಿಯ ಮೇಡಂ ಬರುವ ಹೊತ್ತಿಗೆ ಪುಟ್ಟಿ ಮನೆಗೆ ಬಂದು, ಮುಖ ತೊಳೆದು ಲಕ್ಷಣವಾಗಿ ಕೂತಿದ್ದಳು. ಎದುರುಮನೆ ಆಂಟಿ ಯಾರೂ ಕರೆಯದೆಯೇ ಹಿಂದೆ ಬಂದು ಬಾಗಿಲಲ್ಲಿ ನಿಂತರು.

"ಪೆಟ್ಟು ಎಲ್ಲಿ?" ಮೇಡಂ ಒಮ್ಮೆ ಫೋಟೋ, ಒಮ್ಮೆ ಮಗುವನ್ನು ನೋಡಿದರು.

"ಇದ್ರೆ ತಾನೇ ಮೇಡಂ! ಅದು ಬರೀ ಬಣ್ಣ."

"ಪೌಡರ್ ಹಾಕಿ ಮುಚ್ಚಿದ್ದೀರ. ಮೇಕಪ್‌ನವರಿಗೆ ಅದೇನು ಕಷ್ಟ? ವಿಚಾರಣೆ ಮುಗಿಯೋವರೆಗೂ ಮಗು ನಮ್ಮ ಹತ್ರ ಇರಲಿ."

ಹೆಂಡತಿ ಡ್ಯೂಟಿಯಿಂದ ಬಂದು ಮಗಳೆಲ್ಲಿ ಅಂದರೆ ಏನು ಹೇಳುವುದು? ಮಾಮ ಒದ್ದೆ ಬಟ್ಟೆ ತಂದು, "ನೋಡಿ, ಪೌಡರ್ ಎಲ್ಲಿದೆ?" ಎಂದು ಪುಟ್ಟಿಯ ಕೆನ್ನೆ ಉಜ್ಜಿದ. ಉಜ್ಜಿದ ರಭಸಕ್ಕೆ ಕೆನ್ನೆ ಟೊಮೇಟೊ ಹಣ್ಣಾಯಿತು.

"ಅಯ್ಯೋ, ಈಗ ಹೊರಗೆ ಬಂತು ನೋಡಿ!" ಎಂದರು ಆಂಟಿ. "ಮೊನ್ನೆ ಬೇರೆ 'ಸಾಯಿ ಪಾಪಿ' ಅಂತ ಇಲ್ಲಿಂದ ಕಿರುಚಾಟ ಕೇಳಿಸ್ತು ಮೇಡಂ."

"ಅದು ನಾಟಕದ ಮಾತು ಕಣ್ರೀ! ನಿಮಗೆ ಮನೇಲಿ ಬೇರೆ ಕೆಲಸ ಇಲ್ವಾ?"

ಮಾಮನಿಗೆ ಪಿತ್ತ ನೆತ್ತಿಗೇರಿತು. ಪುಟ್ಟಿ ಹುಟ್ಟಿದಾಗಿನಿಂದ ಒಂದೇ ಒಂದು ಸಲವೂ ಕೈ ಎತ್ತಿದವನಲ್ಲ, ಅವನ ಮಗಳನ್ನು ಅವನಿಂದಲೇ ಕಾಪಾಡುತ್ತಾರಂತೆ! ಬಣ್ಣದ ಪೆಟ್ಟಿಗೆ ಎಳೆದು ಕುರ್ಚಿ ಹಾಕಿದ. "ಕೂತ್ಕೊಳ್ಳಿ ಮೇಡಂ. ಅದೇ ಪೆಟ್ಟನ್ನ ನಿಮ್ಮ ಮುಖಕ್ಕೇ ಬರೆದು ತೋರಿಸ್ತೀನಿ. ಆಮೇಲೆ ಮಾತಾಡಿ."

ಬರೆದು ಮುಗಿಸಿದಾಗ ಮೇಡಂ ಕನ್ನಡಿ ನೋಡಿಕೊಂಡು ಹೌಹಾರಿದರು. ಥೇಟ್ ಫೋಟೋದಲ್ಲಿದ್ದ ಪೆಟ್ಟು! ಒರೆಸಿಕೊಂಡರೆ ಪೂರ್ತಿ ಹೋಯಿತು.

"ತಪ್ಪಾಯ್ತು ರೀ. ಹೊಡೆದ ದೂರು ಇಲ್ಲಿಗೇ ಮುಗೀತು" ಎಂದರು. ಆಂಟಿಯ ಮುಖ ಬಾಡಿತು. ಮೇಡಂ ಮುಂದುವರಿಸಿದರು: "ಆದ್ರೆ ಏನ್ ಕೈ ರೀ ನಿಮ್ದು! ಹೇಗೆ ಕಲಿತ್ರಿ?"

ಮಾಮ ಉಬ್ಬಿಹೋದ. ಇಷ್ಟು ಹೊತ್ತು ಬೈಸಿಕೊಂಡ ಜೀವ ಹೊಗಳಿಕೆ ಕೇಳಿದರೆ ಬಾಯಿ ಹಿಡಿಯುತ್ತದೆಯೇ? "ಎಲ್ಲಾ ನನ್ನ ಮಗಳ ದಯೆ ಮೇಡಂ! ಬೆಳಗ್ಗೆ, ಸಂಜೆ ಅಲುಗಾಡದೆ ಕೂರ್ತಾಳೆ. ರಜಾ ದಿನ ಕಂಪನಿಗೂ ಬಂದು ಕೂರ್ತಾಳೆ. ಇವಳಿಲ್ದಿದ್ರೆ ನನ್ನ ಕೆಲಸಾನೇ ನಡಿಯಲ್ಲ!"

ಮೇಡಂ ಮುಖದ ನಗು ಮಾಯವಾಯಿತು.

"ಅಂದ್ರೆ ಇಷ್ಟು ಚಿಕ್ಕ ಮಗುವನ್ನ ದುಡಿಸ್ತೀರ. ಅದಕ್ಕೆ ಬೇರೆ ದೂರು ಹಾಕ್ಬೇಕಾಗುತ್ತೆ. ಪುಟ್ಟಿ, ಎರಡು ಜೊತೆ ಬಟ್ಟೆ ತಗೋಮ್ಮ."

ಎದುರುಮನೆ ಆಂಟಿ ಓಡಿಹೋಗಿ, ಬಟ್ಟೆ ತುಂಬಲು ತಮ್ಮ ಮನೆಯ ಚೀಲವನ್ನೇ ತಂದುಕೊಟ್ಟರು.