ಗೇರಿಲ್ಲದ ಗಂಡು

ರೈಲು ಇಂಜಿನ್ನಿನ ಸಹಾಯಕ ಚಾಲಕನಾದ ಮೇಲೆ, ರೈಲು ಓಡಿಸಿ ಸುಸ್ತಾದದ್ದಕ್ಕಿಂತ ಅದು ಹೇಗೆ ಓಡುತ್ತದೆಂದು ಹೇಳಿ ಸುಸ್ತಾದದ್ದೇ ಹೆಚ್ಚು. ನಮ್ಮ ಕಡೆಗೆ ರೈಲು ಬಂದ ಹೊಸತು. ಪಾಠವೇನೋ ಸಣ್ಣದು: ಡೀಸೆಲ್ ಇಂಜಿನ್ ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಅದರ ಕರೆಂಟಿನಿಂದ ಕೆಳಗಿನ ಮೋಟಾರು ತಿರುಗುತ್ತದೆ, ಮೋಟಾರು ಗಾಲಿ ತಿರುಗಿಸುತ್ತದೆ. ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರ ತಲೆಯೂ ತಿರುಗಿರುತ್ತಿತ್ತು.

ಕರೆಂಟು

ಮೊದಲ ಪಾಠ ಬೈಂದೂರಿನ ಮನೆಯಲ್ಲಿ ಅಮ್ಮನಿಗೆ. ಅವಳ ತಲೆಯಲ್ಲಿ ಉಳಿದದ್ದು ಕರೆಂಟು ಒಂದೇ. ಮರುದಿನ ಹಸಿದು ಬಂದರೆ ಒಲೆ ತಣ್ಣಗಿತ್ತು.

"ಬೆಳಿಗ್ಗಿಂದ ಕರೆಂಟಿಲ್ಲೆ. ನೀ ಬತ್ತೆ ಅಂದೇಳಿ ಯಾರಿಗ್ ಗೊತ್ತ್? ರೈಲ್ ಹ್ಯಾಂಗ್ ಬಂತ್?"

ರೈಲಿನ ಕರೆಂಟು ರೈಲೇ ಮಾಡಿಕೊಳ್ಳುತ್ತದೆ ಎಂದೆ.

"ಹಾಂಗಾರೆ ನಾಳೆ ಬಪ್ಪತಿಗೆ ನಮ್ಮನಿಗೂ ಒಂಚೂರ್ ತಕಂಡ್ ಬಾ."

ಕ್ಲಚ್

ಅಮ್ಮನೂ ನಾನೂ ವಂಡ್ಸೆಗೆ ಹೆಣ್ಣು ನೋಡಲು ಹೋದೆವು. ಹುಡುಗಿ ಬಾಗಿಲಲ್ಲಿ ಕಂಡದ್ದೇ, ಈ ಸಂಬಂಧ ತಪ್ಪಿದರೆ ನನಗೆ ಮದುವೆಯೇ ಬೇಡ ಅನಿಸಿತು. ಆದರೆ ಅವಳ ಅಪ್ಪ ಬಸ್ ಡ್ರೈವರ್.

"ಹ್ವಾಯ್, ನಿಮ್ ಇಂಜಿನ್‌ಗೆ ಎಷ್ಟ್ ಗೇರ್?"

"ಬಸ್ಸಿನಾಂಗೆ ಬದಲ್ಸು ಗೇರ್ ಇಲ್ಲೆ."

"ಕ್ಲಚ್?"

"ಅದೂ ಇಲ್ಲೆ."

"ಸ್ಟೇರಿಂಗ್?"

"ಹಳಿ ಇತ್ತಲೆ…"

"ಮತ್ತ್ ನಿಮ್ಗ್ ಅಲ್ ಎಂತ ಕೆಲ್ಸ ಮಾರಾಯ್ರೆ?"

ಒಂದು ಕ್ಷಣ ನನಗೂ ಅದೇ ಅನುಮಾನ ಬಂತು.

ಗೇರು

ಆ ಮನೆಯ ಅಜ್ಜಿಗೆ ಕಿವಿ ಸ್ವಲ್ಪ ಮಂದ. "ಗೇರ್ ಇಲ್ಲೆ" ಎಂದದ್ದು ಮಾತ್ರ ಕೇಳಿಸಿದೆ. ನನ್ನ ತಟ್ಟೆಯ ಅವಲಕ್ಕಿಗೆ ಗೇರುಬೀಜ ಬಿದ್ದಿಲ್ಲ ಎಂದುಕೊಂಡು ಒಂದು ಮುಷ್ಟಿ ತಂದು ಸುರಿದರು.

ಹುಡುಗಿಯ ಅಪ್ಪ ಬಿಡಲಿಲ್ಲ. "ಗೇರ್ ಇಲ್ದೆ ಏರ್ ಹ್ಯಾಂಗ್ ಹತ್ತುದ್?"

"ಗೇರ್ ಇಲ್ಲೆ ಅಂದ್ರೂ ಹತ್ತತ್ತ್!"

ಮತ್ತೊಂದು ಮುಷ್ಟಿ ಬಿತ್ತು. ಯಾರಿಗೆ ಏನು ಹೇಳಬೇಕೆಂದೇ ತಿಳಿಯದೆ ಕಿರುಚಿಬಿಟ್ಟೆ: "ಮೇಲೆ ಕೂಕಂಡ್ ಬೊಬ್ಬೆ ಹೊಡುದ್ ಇಂಜಿನ್, ಕೆಳಗ್ ತಿರ್ಗುದ್ ಮೋಟ್ರ್!"

ಬಾಗಿಲಲ್ಲಿದ್ದ ಹುಡುಗಿ ಮೆಲ್ಲಗೆ ಹೇಳಿದಳು: "ನಮ್ಮನಿ ಹಾಂಗೇ ಅಪ್ಪಯ್ಯ. ಬೊಬ್ಬೆ ಹೊಡುದ್ ನೀವ್, ತಿರ್ಗುದ್ ಅಮ್ಮ."

ಅಪ್ಪನಿಗೆ ಅರ್ಥವಾಯಿತು. ಅವಳ ಅಮ್ಮನಿಗೆ ಇನ್ನೂ ಚೆನ್ನಾಗಿ ಅರ್ಥವಾಗಿ, ಅಲ್ಲೇ ಒಪ್ಪಿಗೆ ಕೊಟ್ಟುಬಿಟ್ಟರು. ನನಗೆ ಹೋದ ಜೀವ ಬಂದಂತಾಯಿತು.

ಹೊರಡುವಾಗ ಅಜ್ಜಿ ನನ್ನ ಅಮ್ಮನನ್ನು ಪಕ್ಕಕ್ಕೆ ಕರೆದು, ಗುಟ್ಟೆಂದುಕೊಂಡು ಇಡೀ ಮನೆಗೆ ಕೇಳುವಂತೆ ಹೇಳಿದರು:

"ಮಾಣಿ ಅಡ್ಡಿಲ್ಲೆ. ಆರೆ ತಟ್ಟಿ ತುಂಬ ಗೇರ್‌ಬೀಜ ಇದ್ರೂ 'ಇಲ್ಲೆ, ಇಲ್ಲೆ' ಅಂತ್. ರೈಲ್ ಓಡ್ಸು ಗಂಡ್, ಕಣ್ಣ್ ಒಂದ್ಸಲ ಡಾಕ್ಟ್ರಿಗೆ ತೋರ್ಸಿ!"