ಚೌಕಾಸಿ ಇಲ್ಲದ ಬಂಗುಡೆ

ಧನರಾಜ್: ಓಡುವ ಬೋಟಿನ ಇಂಜಿನ್ ಯಾರಾದರೂ ಬಿಚ್ಚುತ್ತಾರಾ ಮಾರಾಯ್ತಿ?

ಚೈತಾಲಿ: ನಿಮ್ಮ ಸೈಟ್ ನಿಂತಿದ್ದ ಹಳೆಯ ಫ್ರೇಮ್‌ವರ್ಕಿಗೆ ರಿಪೇರಿ ಕೊಡುವುದನ್ನೇ ಅದನ್ನು ಮಾಡಿದವರು ನಿಲ್ಲಿಸಿದ್ದಾರೆ ಧನರಾಜಣ್ಣ. ತೂತು ಬಿದ್ದರೆ ಮುಚ್ಚುವವರಿಲ್ಲ. ಅದಕ್ಕೇ ಹೊಸ ವರ್ಷನ್.

ಎರ್ಮಾಳಿನ ಧನರಾಜನ ಆನ್‌ಲೈನ್ ಮೀನಂಗಡಿ ನಿನ್ನೆ ಸಂಜೆ ಹೊಸ ವರ್ಷನ್ನಿಗೆ ಏರಿತ್ತು. ಇಂದು ಬೆಳಗ್ಗಿನಿಂದ ಒಂದೇ ಒಂದು ಆರ್ಡರಿಲ್ಲ. ಐಸಿನ ಪೆಟ್ಟಿಗೆಯಲ್ಲಿ ಬಂಗುಡೆಗಳು ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದವು. ಸೈಟನ್ನು ಏರಿಸಿದ ಮಣಿಪಾಲದ ಹುಡುಗಿ ಚೈತಾಲಿ ಎದುರಿಗೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು.

ಧನರಾಜ್: ಎಂತ ಬದಲು ಮಾಡಿದೆ ಹೇಳು.

ಚೈತಾಲಿ: ಮಿಡಲ್‌ವೇರ್‌ಗಳನ್ನು ಹೊಸದಾಗಿ ಬರೆದೆ. ಗಿರಾಕಿಗೂ ಅಂಗಡಿಗೂ ನಡುವೆ ನಿಂತು ತಪಾಸಣೆ ಮಾಡುವುದು ಅವುಗಳ ಕೆಲಸ.

ಧನರಾಜ್: ದಲ್ಲಾಳಿಗಳು. ಬಂದರಿನಲ್ಲೇ ನಾನು ದಲ್ಲಾಳಿ ಇಟ್ಟುಕೊಂಡಿಲ್ಲ, ಕಂಪ್ಯೂಟರಿನಲ್ಲಿ ಸಾಕುತ್ತೇನಾ?

ಚೈತಾಲಿ: ಇವಕ್ಕೆ ಕಮಿಷನ್ ಇಲ್ಲ.

ಧನರಾಜ್: ಕಮಿಷನ್ ಕೇಳದ ದಲ್ಲಾಳಿಯನ್ನು ಮೊದಲೇ ನಂಬಬಾರದು.

ಅಷ್ಟರಲ್ಲಿ ಫೋನ್ ಬಂತು. ಕಾರ್ಕಳದ ಚಂಪಕ್ಕ, ಖಾಯಂ ಗಿರಾಕಿ. ಅವರ ದನಿಗೆ ಸ್ಪೀಕರಿನ ಅಗತ್ಯವೇ ಇರಲಿಲ್ಲ.

ಚಂಪಕ್ಕ: ಧನರಾಜ, ಮೀನು ಹಾಳಾಗಿದೆಯಾ?

ಧನರಾಜ್: ಬೆಳಗ್ಗೆ ಬಲೆಯಿಂದ ಇಳಿದದ್ದು ಅಕ್ಕ.

ಚಂಪಕ್ಕ: ಮತ್ತೆ ‘ಕಡಿಮೆ ಮಾಡಿ’ ಬಟನ್ ಎಲ್ಲಿ? ಕೇಳುವ ಮೊದಲೇ ಕಡಿಮೆ ರೇಟು ಹಾಕಿದ್ದೀಯಲ್ಲ. ಹಾಗೆ ಮಾರುವುದು ಕೊಳೆತದ್ದನ್ನು ಮಾತ್ರ. ನನಗೆ ಬೇಡ.

ಫೋನ್ ಕಟ್ಟಾಯಿತು. ಧನರಾಜ್ ನಿಧಾನಕ್ಕೆ ತಿರುಗಿದ.

ಧನರಾಜ್: ಆ ಬಟನ್ ಎಂತ ಮಾಡಿದೆ?

ಚೈತಾಲಿ: ಆ ಬಟನ್ ನಡೆಸುವ ಹಳೆಯ ಪ್ಲಗಿನ್ ಹೊಸ ವರ್ಷನ್ನಿಗೆ ಹೊಂದುವುದಿಲ್ಲ. ಮೊದಲು ರೇಟು ಏರಿಸಿ ತೋರಿಸುತ್ತದೆ, ಒತ್ತಿದರೆ ‘ಆಗುದಿಲ್ಲ ಅಕ್ಕ’ ಅನ್ನುತ್ತದೆ, ಮತ್ತೆ ಒತ್ತಿದರೆ ಸರಿಯಾದ ರೇಟಿಗೆ ಇಳಿಯುತ್ತದೆ. ಮೊದಲು ಸೈಟ್ ಮಾಡಿದ ಲೂಯಿಸರು ತಪ್ಪಿ ಬರೆದದ್ದು ಅಂದುಕೊಂಡು ನಿನ್ನೆ ನೇರ ಕೊನೆಯ ರೇಟೇ ಹಾಕಿದೆ.

ಧನರಾಜ್: ಅದು ಲೂಯಿಸರ ತಪ್ಪಲ್ಲ, ನನ್ನ ಅಜ್ಜಿಯ ವಿದ್ಯೆ. ತಾನು ಗೆದ್ದೆ ಅಂತ ಗಿರಾಕಿಗೆ ಅನಿಸದೆ ಮೀನು ಬುಟ್ಟಿಯಿಂದ ಏಳುವುದಿಲ್ಲ. ಅದನ್ನು ವಾಪಸ್ ಹಾಕು. ಯಾವಾಗ ಆಗುತ್ತದೆ?

ಚೈತಾಲಿ: ಒಂದು ವಾರ.

ಧನರಾಜ್: ವಾರಕ್ಕೆ ಇದು ಒಣಮೀನು. ಇವತ್ತೇ ಬೇಕು.

ಚೈತಾಲಿ: ಆಗುದಿಲ್ಲ ಅಣ್ಣ.

ಧನರಾಜ್: ನಾನೂ ಖಾಯಂ ಗಿರಾಕಿ ಅಲ್ವಾ?

ಚೈತಾಲಿ: ನಿಮಗೆ ಅಂತ, ಸಂಜೆಗೆ.

ಧನರಾಜ್: ಊಟದ ಮೊದಲು. ಇನ್ನು ಮಾತಿಲ್ಲ.

ಅವಳು ಉಸಿರುಬಿಟ್ಟು ಒಂದು ಕೀ ಒತ್ತಿದಳು. ಬಟನ್ ಮರಳಿ ಬಂತು. ಧನರಾಜ್ ಫೋನ್ ಮಾಡಿ ಹೇಳಿದ್ದೇ ತಡ, ಚಂಪಕ್ಕನ ಆರ್ಡರೂ ಬಂತು. ಗೆದ್ದ ಖುಷಿಯಲ್ಲಿ ಧನರಾಜ್ ಮೀಸೆ ತಿರುವಿದ. ಅರ್ಧದಲ್ಲಿ ಕೈ ನಿಂತಿತು.

ಧನರಾಜ್: ಇಷ್ಟು ಬೇಗ ಹೇಗೆ?

ಚೈತಾಲಿ: ಬೆಳಗ್ಗೆಯೇ ಬರೆದಾಗಿತ್ತು. ಬಟನ್ ಎಲ್ಲಿ ಅಂತ ಹೆಬ್ರಿಯಿಂದ ಅಮ್ಮ ಬೈದಿದ್ದರು.

ಧನರಾಜ್: ಹಾಗಾದರೆ ಬಂದ ಕೂಡಲೇ ಹಾಕಬಹುದಿತ್ತಲ್ಲ?

ಚೈತಾಲಿ: ಕೇಳುವ ಮೊದಲೇ ಕೊಟ್ಟಿದ್ದರೆ, ಕೊಳೆತದ್ದು ಅಂತ ನೀವೂ ಬೇಡ ಅನ್ನುತ್ತಿದ್ದಿರಿ.