ಹದಿನಾರು ಬೋಗುಣಿಗಳ ಒಪ್ಪಂದ

ದಾಲ್ಸುವಿಗೆ ಅಭಿಪ್ರಾಯ ಇರಲಿಲ್ಲ. ಉಳಿದದ್ದೆಲ್ಲ ಇತ್ತು: ನಲವತ್ತೊಂದು ವಯಸ್ಸು, ಒಂದು ಹಳೆಯ ಮೋಟಾರು ಸೈಕಲ್ಲು, ನೂಡಲ್ಸ್ ಸಾಗಿಸಲು ಒಂದು ತಗಡಿನ ಪೆಟ್ಟಿಗೆ. ಆದರೆ ಸೋಲ್ ನಗರದ ಯೊಯಿದೊ ಬಡಾವಣೆಯಲ್ಲಿ, ಅದೂ ಸಂಸತ್ ಭವನದ ಎದುರಿನ ಬೀದಿಯಲ್ಲಿ, ಅಭಿಪ್ರಾಯ ಇಲ್ಲದವನನ್ನು ಜನ ಛತ್ರಿ ಇಲ್ಲದೆ ಮಳೆಗೆ ಬಂದವನನ್ನು ನೋಡಿದ ಹಾಗೆ ನೋಡುತ್ತಿದ್ದರು.

"ರಾಷ್ಟ್ರಾಧ್ಯಕ್ಷರು ಆ ದೊಡ್ಡ ದೇಶದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದು ಸರಿನೋ ತಪ್ಪೋ? ಒಂದು ಮಾತು ಹೇಳು" ಎಂದು ಪಕ್ಕದ ಕ್ಷೌರದಂಗಡಿಯವನು ದಿನಕ್ಕೆರಡು ಸಲ ಕೇಳುತ್ತಿದ್ದ.

"ಅದರಲ್ಲಿ ಏನು ಬರ್ದಿದೆ?" ಎಂದು ದಾಲ್ಸು ಕೇಳುತ್ತಿದ್ದ. ಅವನಿಗೆ ನಿಜವಾಗಿಯೂ ಕುತೂಹಲವಿತ್ತು.

"ಬರ್ದಿರೋದನ್ನ ಕಟ್ಕೊಂಡು ಏನಯ್ಯಾ ಮಾಡ್ತೀಯ? ನಿನ್ನ ಅಭಿಪ್ರಾಯ ಹೇಳು!"

ಆ ಮಂಗಳವಾರ ಬೆಳಿಗ್ಗೆ ನೂಡಲ್ಸ್ ಅಂಗಡಿಯ ಯಜಮಾನತಿ ಬೊಕ್ನಾಮ್ ಕಪಾಟಿನಿಂದ ಬೋಗುಣಿಗಳನ್ನು ಇಳಿಸಿ ಎಣಿಸಿದಳು. ಹದಿನಾರು. ಒಪ್ಪಂದ ಸಂಸತ್ತಿಗೆ ಬರುವ ಮೊದಲು ಎಪ್ಪತ್ತಿದ್ದವು. ಊಟ ಕೊಟ್ಟು, ಮಧ್ಯಾಹ್ನದ ಮೇಲೆ ಹೋಗಿ ಖಾಲಿ ಬೋಗುಣಿ ತರುವುದು ಅವಳ ಅಪ್ಪನ ಕಾಲದಿಂದ ಬಂದ ಪದ್ಧತಿ. ಈಗ ಸಂಸತ್ತಿಗೆ ಹೋದ ಬೋಗುಣಿಗಳು ಒಂದೋ ಯಾರದ್ದಾದರೂ ತಲೆಗೆ ತಾಗಿ ಒಡೆಯುತ್ತಿದ್ದವು, ಇಲ್ಲವೇ ತಲೆ ತಪ್ಪಿ ಗೋಡೆಗೆ ತಾಗಿ ಒಡೆಯುತ್ತಿದ್ದವು.

"ಪ್ಲಾಸ್ಟಿಕ್ಕಿನಲ್ಲಿ ಕೊಡೋಣ ಅಕ್ಕಾ" ಎಂದ ದಾಲ್ಸು.

"ಪ್ಲಾಸ್ಟಿಕ್ಕಿನಲ್ಲಿ ಕೊಟ್ರೆ ನಮ್ಮಪ್ಪ ಸಮಾಧಿಯಿಂದ ಎದ್ದು ಬಂದು ನನ್ನ ಕೆನ್ನೆಗೆ ಹೊಡೀತಾನೆ. ಕೇಳಿಲ್ಲಿ. ಸಂಜೆ ಐದಕ್ಕೆ ಬಸ್ ಚಾಲಕರ ಸಂಘದ ಹದಿನಾರು ಜನ ಊಟಕ್ಕೆ ಬರ್ತಾರೆ. ಹದಿನಾರು ಬೋಗುಣಿ ಹಿಂದೆ ಬಂದ್ರೆ ನೀನೂ ಬಾ. ಹದಿನೈದು ಬಂದ್ರೆ ಬೋಗುಣಿ ಮಾತ್ರ ಕಳಿಸು."

"ಆಯ್ತಕ್ಕಾ."

"ಮೂಲಂಗಿ ಚೂರು ತಳಕ್ಕೆ ಅಂಟಿರುತ್ತೆ. ತೊಳೆಯೋ ತೊಟ್ಟಿ ಕಟ್ಕೊಳ್ಳುತ್ತೆ. ಅಲ್ಲೇ ಬೋರಲು ಹಾಕಿ ಮೂರು ಸಲ ತಟ್ಟಿ ತಾ. ಎಷ್ಟು ಸಲ?"

"ಮೂರು."

ಮಧ್ಯಾಹ್ನ ಹನ್ನೆರಡಕ್ಕೆ ಒಂದೇ ನಿಮಿಷದಲ್ಲಿ ಎರಡು ದೂರವಾಣಿ ಕರೆ ಬಂದವು. ಸಂಸತ್ತಿನ ಮೂರನೇ ಮಹಡಿ, ವಿದೇಶಾಂಗ ಸಮಿತಿ ಕೊಠಡಿಯ ಒಳಗಿಂದ ಎಂಟು ಕಪ್ಪು ಸಾಸಿನ ನೂಡಲ್ಸ್. ಅದೇ ಕೊಠಡಿಯ ಬಾಗಿಲ ಹೊರಗಿಂದ ಎಂಟು.

ಒಳಗಿದ್ದವರು ಆಳುವ ಪಕ್ಷದವರು. ಬೆಳಗಿನ ಜಾವವೇ ಬಂದು, ಒಳಗಿಂದ ಚಿಲಕ ಹಾಕಿ, ಬಾಗಿಲಿಗೆ ಮೂರು ಸೋಫಾ ಒತ್ತಿಟ್ಟು, ಒಪ್ಪಂದ ಅಂಗೀಕರಿಸಲು ಕೂತಿದ್ದರು. ಹೊರಗಿದ್ದವರು ವಿರೋಧ ಪಕ್ಷದವರು. ಅವರ ನಾಯಕಿ, ಸಮಿತಿಯ ಉಪಸಭಾಪತಿ ಯೋಮ್ ಓಕ್ಬುನ್, ಅರವತ್ತೆರಡರ ಗಟ್ಟಿಮುಟ್ಟಾದ ಹೆಂಗಸು. ಬಾಗಿಲ ಮುಂದೆ ಬೆಂಕಿ ಆರಿಸುವ ಸಿಲಿಂಡರಿನ ಮೇಲೆ ಕೂತು ಉಣ್ಣೆ ಹೆಣೆಯುತ್ತಿದ್ದಳು.

"ಬಾ ಬಾ, ನೂಡಲ್ಸಣ್ಣ! ಒಳಗಿನವರದ್ದನ್ನ ಆ ಮೇಲಿನ ಕಿಂಡಿಯಿಂದ ದಾಟಿಸು."

ದಾಲ್ಸು ಕುರ್ಚಿ ಹತ್ತಿದ. ಓಕ್ಬುನ್ ತಾನೇ ಒಂದೊಂದು ಬೋಗುಣಿ ಎತ್ತಿ ಕೊಟ್ಟಳು.

"ನೀವೇ ಅವರಿಗೆ ಊಟ ಕೊಡ್ತೀರಲ್ಲ ಅಮ್ಮಾ?"

"ಹಸಿದವರನ್ನ ಹೊಡೆದ್ರೆ ಪತ್ರಿಕೆಯವರು ಏನಂತ ಬರೀತಾರೆ? ಆಮೇಲೆ, ನೂಡಲ್ಸ್ ಉಬ್ಬೋಕೆ ಬಿಡೋಷ್ಟು ಕೆಟ್ಟವಳಲ್ಲ ನಾನು."

"ಅವ್ರು ಒಳಗೇ ಪಾಸು ಮಾಡ್ಕೊಂಡ್ರೆ?"

ಓಕ್ಬುನ್ ತನ್ನ ಕೈಚೀಲ ತಟ್ಟಿದಳು. ಒಳಗೆ ಮರದ್ದೇನೋ ಕಟಕ್ ಎಂದಿತು. "ಸಭಾಪತಿಯ ಸುತ್ತಿಗೆ ಇಲ್ಲಿದೆ. ಮೂರು ಬಡಿತ ಬೀಳದೆ ಈ ದೇಶದಲ್ಲಿ ಕುರ್ಚಿಯ ಕಾಲೂ ಪಾಸಾಗಲ್ಲ."

"ಅಮ್ಮಾ, ಆ ಒಪ್ಪಂದದಲ್ಲಿ ಏನು ಬರ್ದಿದೆ?"

"ಸಾವಿರದ ಇನ್ನೂರು ಪುಟ ಕಣಪ್ಪ" ಎಂದು ಓಕ್ಬುನ್ ಮತ್ತೆ ಉಣ್ಣೆ ಕೈಗೆತ್ತಿಕೊಂಡಳು.

ನಾಲ್ಕು ಗಂಟೆಗೆ ದಾಲ್ಸು ಹಿಂದಿರುಗಿದ. ಹೊರಗಿನ ಎಂಟು ಬೋಗುಣಿಗಳು ಗೋಡೆ ಪಕ್ಕ ಒಂದರ ಮೇಲೊಂದು ನಿಂತಿದ್ದವು, ಒಂದಕ್ಕೂ ಗೀರು ಇಲ್ಲ. ಅವನಿಗೆ ಅರ್ಧ ಜೀವ ಬಂತು. ಆ ಎಂಟನ್ನೂ ಪೆಟ್ಟಿಗೆಗೆ ಹಾಕಿ ಬಾಗಿಲು ಬಡಿದ.

"ಯಾರು?" ಒಳಗಿಂದ ಸಭಾಪತಿ ಮೇಂಗ್ ಅವರ ದನಿ.

"ಬೋಗುಣಿ ತಗೊಂಡು ಹೋಗೋಕೆ ಬಂದಿದ್ದೀನಿ."

"ಕಿಂಡಿಯಿಂದ ಕೊಡ್ತೀವಿ."

"ಬೇಡ ಸ್ವಾಮಿ! ಹೋದ ವಾರ ಕಿಂಡಿಯಿಂದ ಕೊಟ್ಟು ನಾಲ್ಕು ಒಡೆದ್ರಿ. ಇವತ್ತು ಒಂದು ಒಡೆದ್ರೂ ನನ್ನ ಕೆಲಸ ಹೋಗುತ್ತೆ."

ಒಳಗೆ ಗುಸುಗುಸು ನಡೆಯಿತು. ಮೇಂಗ್ ಅವರ ಅಪ್ಪನೂ ಹಿಂದೊಮ್ಮೆ ಊಟ ಸಾಗಿಸಿ ಮಗನನ್ನು ಓದಿಸಿದವನಂತೆ. ಪ್ರತಿ ಚುನಾವಣೆಯಲ್ಲೂ ಹೇಳುತ್ತಿದ್ದರು. ಈಗ ಹಿಂದೆಗೆಯುವಂತಿರಲಿಲ್ಲ. ಸೋಫಾಗಳು ಕಿರಗುಟ್ಟಿದವು. ಬಾಗಿಲು ಒಂದು ಗೇಣು ತೆರೆಯಿತು.

"ಪಕ್ಕಕ್ಕೆ ತಿರುಗಿ ಬಾ. ಬೇಗ!"

ದಾಲ್ಸು ಪಕ್ಕಕ್ಕೆ ತಿರುಗಿದ. ಅವನು ತೂರಿದ, ಪೆಟ್ಟಿಗೆ ತೂರಲಿಲ್ಲ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಗಂಟಲಲ್ಲಿ ಮುಳ್ಳು ಸಿಕ್ಕಂತೆ ಸಿಕ್ಕಿಕೊಂಡಿತು. ಅವನು ಮುಚ್ಚಳ ಸರಿಸಿ, ಎಂಟೂ ಬೋಗುಣಿಗಳನ್ನು ಎದೆಗವಚಿಕೊಂಡು ಒಳಕ್ಕೆ ಎಳೆದುಕೊಂಡದ್ದೇ ತಡ, ಹೊರಗೆ ಓಕ್ಬುನ್ ಉಣ್ಣೆ ಕೆಳಗಿಟ್ಟಳು.

"ಮಕ್ಕಳೇ, ಒತ್ರೋ!"

ತಗಡಿನ ಪೆಟ್ಟಿಗೆ ಒಣಗಿಸಿದ ಮೀನಿನಷ್ಟು ಚಪ್ಪಟೆಯಾಯಿತು. ಅದರ ಮೇಲೆ ಹಾಯ್ದು ವಿರೋಧ ಪಕ್ಷವೆಲ್ಲ ಒಳಗೆ ಬಂತು.

ಆಮೇಲಿನ ಹತ್ತು ನಿಮಿಷ ಕೊಠಡಿಯಲ್ಲಿ ಕೊರಳಪಟ್ಟಿಗಳಿಗೆ ಬೆಲೆ ಇರಲಿಲ್ಲ. ಯಾರೋ ಸಿಲಿಂಡರ್ ತೆರೆದರು, ಪುಡಿ ಮೆತ್ತಿ ಎಲ್ಲರೂ ಬೆಳ್ಳಗಾದರು, ಯಾರು ಯಾವ ಪಕ್ಷ ಎಂದು ತಿಳಿಯದೆ ಇಬ್ಬರು ಆಳುವ ಪಕ್ಷದವರು ಒಬ್ಬರಿಗೊಬ್ಬರು ಚೆನ್ನಾಗಿ ಹೊಡೆದುಕೊಂಡರು.

ದಾಲ್ಸು ಮಾತ್ರ ತಂದ ಎಂಟನ್ನು ಮೇಜಿನ ಕೆಳಗಿಟ್ಟು, ನಾಲ್ಕುಗಾಲಿನಲ್ಲಿ ಉಳಿದ ಬೋಗುಣಿ ಹುಡುಕುತ್ತಿದ್ದ. ಒಂದು. ಎರಡು. ಸೋಫಾದ ಕೆಳಗೆ ಐದು. ಎಂಟನೆಯದು ಮೇಂಗ್ ಅವರ ಮೇಜಿನ ಮೇಲೇ ಇತ್ತು. ಸಾಸು ಚೆಲ್ಲದಿರಲೆಂದು ಅದರ ಕೆಳಗೆ ಹಾಳೆ ಹಾಸಿದ್ದರು. ಎತ್ತಿದಾಗ ಹಾಳೆಯ ತಲೆಬರಹ ಕಾಣಿಸಿತು. ಒಪ್ಪಂದ, ಪುಟ ನಾನೂರ ಹನ್ನೆರಡು.

ಕೊನೆಗೂ! ದಾಲ್ಸು ಗದ್ದಲ ಮರೆತು ಓದತೊಡಗಿದ. ಇಷ್ಟು ತಿಂಗಳ ಕುತೂಹಲ. "ಊಟದ ಬೋಗುಣಿಗಳು, ಪಿಂಗಾಣಿ ಹಾಗೂ ಇತರೆ: ಆಮದು ಸುಂಕವನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ರದ್ದುಪಡಿಸತಕ್ಕದ್ದು." ಮುಂದಿನ ಸಾಲಿನ ಮೇಲೆ ಸಾಸು ಬಿದ್ದಿತ್ತು.

ಅವನ ತಲೆಯ ಮೇಲೆ, ಅದೇ ಮೇಜಿನ ಮೇಲೆ, ಸಭಾಪತಿ ಮೇಂಗ್ ಒಂದು ಕಾಲಿನ ಬೂಟು ಕಳೆದುಕೊಂಡು ನಿಂತಿದ್ದರು. ಅವರ ಸೊಂಟ ಹಿಡಿದು ಉಪಸಭಾಪತಿ ಓಕ್ಬುನ್ ನೇತಾಡುತ್ತಿದ್ದಳು. ಇಬ್ಬರೂ ಒಂದೇ ಧ್ವನಿವರ್ಧಕಕ್ಕೆ ಬಾಯಿ ಹಚ್ಚಿದರು.

"ಒಪ್ಪಂದ ಅಂಗೀಕಾರ ಆಗಿದೆ ಅಂತ ಘೋಷಿಸ್ತೀನಿ!"

"ಸಭೆ ಮುಂದಕ್ಕೆ ಹೋಗಿದೆ ಅಂತ ಘೋಷಿಸ್ತೀನಿ!"

ದಾಲ್ಸು ಬೋಗುಣಿಯೊಳಗೆ ಇಣುಕಿದ. ತಳದಲ್ಲಿ ಹಳದಿ ಮೂಲಂಗಿಯ ಚೂರು ಅಂಟಿತ್ತು. ಮೇಜಿನ ಮೇಲೆ ಬೋರಲು ಹಾಕಿ ತಟ್ಟಿದ.

ಟಕ್. ಟಕ್. ಟಕ್.

ಕೊರಳಪಟ್ಟಿ ಹಿಡಿದ ಕೈಗಳು ಹಿಡಿದಲ್ಲೇ ನಿಂತವು. ಮೂಲೆಯಲ್ಲಿ ಶೀಘ್ರಲಿಪಿಗಾರ್ತಿ ತಾನು ಕೇಳಿದ್ದನ್ನು ಬರೆದಳು: ಮೂರು ಬಡಿತ.

"ಪಾಸಾಯ್ತು!" ಎಂದರು ಮೇಂಗ್.

"ಮುಂದಕ್ಕೆ ಹೋಯ್ತು!" ಎಂದಳು ಓಕ್ಬುನ್.

ಇಬ್ಬರೂ ಮೇಜಿನಿಂದಿಳಿದು ದಾಲ್ಸುವಿನ ಒಂದೊಂದು ತೋಳು ಹಿಡಿದರು.

"ತಮ್ಮಾ, ನಿಜ ಹೇಳು" ಎಂದರು ಮೇಂಗ್. "ನನ್ನ ಮಾತಿಗೆ ತಾನೇ ತಟ್ಟಿದ್ದು? ನಮ್ಮಪ್ಪನೂ ನಿನ್ನ ಥರಾನೇ..."

"ನಿಮ್ಮಪ್ಪನ್ನ ಬಿಡ್ರೀ" ಎಂದಳು ಓಕ್ಬುನ್. "ನೂಡಲ್ಸಣ್ಣ, ಬಾಗಿಲಲ್ಲಿ ಪೆಟ್ಟಿಗೆ ಇಟ್ಟೆ ನೋಡು, ಆಗಲೇ ಗೊತ್ತಾಯ್ತು ನೀನು ನಮ್ಮೋನು ಅಂತ."

"ನಾನು ತಟ್ಟಿದ್ದು ಮೂಲಂಗಿಗೆ" ಎಂದ ದಾಲ್ಸು.

"ಯಾವ ಮೂಲಂಗಿ?"

ದಾಲ್ಸು ತೋರಿಸಿದ. ಪುಟ ನಾನೂರ ಹನ್ನೆರಡರ ಮೇಲೆ ಅದು ಬಿದ್ದಿತ್ತು. ಹದಿನಾರು ಸಂಸದರು ಸುತ್ತ ನಿಂತು ಬಗ್ಗಿ ನೋಡಿದರು.

"ಅಭಿಪ್ರಾಯ ಇಲ್ದೆ ಯಾರಾದ್ರೂ ಇಷ್ಟು ಗಟ್ಟಿಯಾಗಿ ತಟ್ಟುತ್ತಾರಾ?" ಎಂದರು ಮೇಂಗ್.

"ಸಾಧ್ಯವೇ ಇಲ್ಲ" ಎಂದಳು ಓಕ್ಬುನ್. ಆ ವರ್ಷ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

"ನ್ಯಾಯಾಲಯವೇ ತೀರ್ಮಾನಿಸಲಿ. ಬಡಿದ ಬೋಗುಣಿ ಯಾವುದು?" ಎಂದರು ಮೇಂಗ್.

ದಾಲ್ಸು ಗಾಬರಿಯಲ್ಲಿ ಅದನ್ನು ಆಗಲೇ ಉಳಿದವುಗಳ ಜೊತೆ ಸೇರಿಸಿಬಿಟ್ಟಿದ್ದ. ಹದಿನಾರೂ ಬೋಗುಣಿಗಳು ಅವನ ಎದೆಗಾತು, ಅವಳಿ ಜವಳಿಗಳ ಹಾಗೆ, ಒಂದೇ ಮುಖ ಮಾಡಿಕೊಂಡಿದ್ದವು. ಒಂದೂ ಒಡೆದಿರಲಿಲ್ಲ. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಈಗ ಹೊರಟರೆ ತೊಳೆಯುವುದಕ್ಕೂ ಹೊತ್ತಿತ್ತು.

"ಅಮ್ಮಾ, ಸ್ವಾಮೀ, ಐದಕ್ಕೆ ಹದಿನಾರು ಜನ ಊಟಕ್ಕೆ ಬರ್ತಾರೆ..."

"ಹಾಗಾದ್ರೆ ಹದಿನಾರನ್ನೂ ಸಾಕ್ಷಿಯಾಗಿ ಮೊಹರು ಮಾಡಬೇಕು ಅಂತ ಸೂಚಿಸ್ತೀನಿ" ಎಂದರು ಮೇಂಗ್.

"ನಾನು ಅನುಮೋದಿಸ್ತೀನಿ" ಎಂದಳು ಓಕ್ಬುನ್.

"ಆಕ್ಷೇಪಣೆ ಇದೆಯೇ?"

"ಇದೆ!" ಎಂದ ದಾಲ್ಸು.

"ಸದಸ್ಯರ ಆಕ್ಷೇಪಣೆ ಇದೆಯೇ?"

"ಇಲ್ಲ!" ಎಂದರು ಎರಡೂ ಪಕ್ಷದವರು, ಶಾಲೆಯ ಮಕ್ಕಳ ಹಾಗೆ ಒಂದೇ ದನಿಯಲ್ಲಿ.

ಓಕ್ಬುನ್ ಕೈಚೀಲ ತೆರೆದು, ಸುತ್ತಿಗೆ ತೆಗೆದು, ಎರಡೂ ಕೈಯಲ್ಲಿ ಹಿಡಿದು ಮರ್ಯಾದೆಯಿಂದ ಮೇಂಗ್ ಅವರಿಗೆ ಕೊಟ್ಟಳು. ಮೇಂಗ್ ಮೂರು ಸಲ ಬಡಿದರು. ಸದಸ್ಯರು ಚಪ್ಪಾಳೆ ತಟ್ಟಿದರು.

ಐದೂ ಹತ್ತಕ್ಕೆ ದಾಲ್ಸು ಬರಿಗೈಯಲ್ಲಿ ಅಂಗಡಿಗೆ ಬಂದ. ಹದಿನಾರು ಬಸ್ ಚಾಲಕರು ಚಾಪ್‌ಸ್ಟಿಕ್ ಹಿಡಿದು ಕೂತಿದ್ದರು. ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ನೂಡಲ್ಸ್ ಉಬ್ಬುತ್ತಿತ್ತು.

"ಎಲ್ಲಿ?" ಎಂದಳು ಬೊಕ್ನಾಮ್.

"ಒಂದೂ ಒಡೆದಿಲ್ಲ ಅಕ್ಕಾ. ಭದ್ರವಾಗಿವೆ. ಮೊಹರು ಹಾಕಿದ್ದಾರೆ."

"ಯಾವಾಗ ಕೊಡ್ತಾರೆ?"

"ನ್ಯಾಯಾಲಯ ಹೇಳಿದ ಮೇಲೆ." ಅವಳ ಮುಖ ನೋಡಿ ದಾಲ್ಸು ಅವಸರದಿಂದ ಸೇರಿಸಿದ: "ಆದ್ರೆ ಹೊಸ ಬೋಗುಣಿ ಅಗ್ಗ ಆಗ್ತವೆ ಅಕ್ಕಾ. ನಾನೇ ಓದಿದೆ. ಸುಂಕ ತೆಗೀತಾರಂತೆ."

"ಯಾವತ್ತು?"

"ಹತ್ತು ವರ್ಷದಲ್ಲಿ. ಹಂತಹಂತವಾಗಿ. ಒಪ್ಪಂದ ಪಾಸಾಗಿದ್ರೆ."

"ಏನು, ಪಾಸಾಯ್ತಾ?" ಒಬ್ಬ ಚಾಲಕ ಎದ್ದು ನಿಂತ.

"ಒಳ್ಳೇದಾಯ್ತು ಬಿಡು!" ಎಂದ ಇನ್ನೊಬ್ಬ.

"ಏನೋ ಒಳ್ಳೇದು, ದೇಶದ್ರೋಹಿ!" ಎಂದ ಮೂರನೆಯವನು, ಚಾಪ್‌ಸ್ಟಿಕ್ ಎತ್ತಿ.

ಎಂಟು ಜನ ಒಂದು ಕಡೆಗಾದರು, ಎಂಟು ಜನ ಇನ್ನೊಂದು ಕಡೆಗೆ. ಎಸೆಯಲು ಬೋಗುಣಿಗಳಿಲ್ಲದ್ದರಿಂದ ಸ್ಟೂಲುಗಳನ್ನು ಎತ್ತಿಕೊಂಡರು. ನಡುವೆ ನಿಂತ ದಾಲ್ಸುವಿನ ಅಂಗಿ ಹಿಡಿದು ಎರಡೂ ಕಡೆಯವರು ಒಂದೇ ಪ್ರಶ್ನೆ ಕೇಳಿದರು: "ನೀನು ಯಾವ ಕಡೆ?"

ಬೊಕ್ನಾಮ್ ಉತ್ತರಕ್ಕೆ ಕಾಯಲಿಲ್ಲ. ಬಾಗಿಲು ತೆರೆದು ಅವನಿಗೆ ಹೊರಗಿನ ಕಡೆ ತೋರಿಸಿದಳು.

ಆ ದಿನ ಹೋದದ್ದು ಇಷ್ಟು: ಹದಿನಾರು ಬೋಗುಣಿ, ಒಂದು ತಗಡಿನ ಪೆಟ್ಟಿಗೆ, ನಾಲ್ಕು ಸ್ಟೂಲು, ಒಂದು ಕೆಲಸ.